ಕಾಗದದ ಮೇಲೆ 228 ಮಿಲಿವೋಲ್ಟ್, ಬೋರ್ಡಿನ ಮೇಲೆ 94: ಒಂದು ಕಂಪೇರೇಟರ್ ಪ್ರಕರಣ

ಮೊದಲು ಕೇಳಿಸಿದ್ದು ಸದ್ದು. ಆಂಪ್ಲಿಫೈಯರ್ ಪೆಟ್ಟಿಗೆ ಬಿಸಿಯಾಗುತ್ತಾ ಬಂತು, ಫ್ಯಾನ್ ಶುರುವಾಗಬೇಕಾದ ಹೊತ್ತಿಗೆ ಒಳಗಿನಿಂದ ಜೀರುಂಡೆ ಕೂಗಿದ ಹಾಗೆ ಒಂದು ಟರ್ರ್. ಅದು ರಿಲೇ, ಅಂದರೆ ಕರೆಂಟ್ ಕೊಟ್ಟಾಗ ತಾನೇ ಎಳೆದುಕೊಳ್ಳುವ ಸ್ವಿಚ್. ಒಂದು ಸಲ ‘ಟಕ್’ ಅಂದು ಸುಮ್ಮನಾಗಬೇಕಾದದ್ದು ಸೆಕೆಂಡಿಗೆ ಹತ್ತಾರು ಸಲ ಬಡಿದುಕೊಳ್ಳುತ್ತಿತ್ತು. ಪ್ರತಿ ಬಡಿತವೂ ಸ್ಪೀಕರಿನಲ್ಲಿ ‘ಪಟ್’ ಅಂತ ಕೇಳುತ್ತಿತ್ತು. ಗಡಿಯಾರ ಹಿಡಿದು ನೋಡಿದೆ. ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಈ ಗಲಾಟೆ ನಡೆದು ಆಮೇಲೆ ತಣ್ಣಗಾಯಿತು. ಸರ್ಕ್ಯೂಟ್ ನಾನೇ ಮಾಡಿದ್ದು, ಹಾಗಾಗಿ ಬೈಯೋದಕ್ಕೆ ಬೇರೆ ಯಾರೂ ಇರಲಿಲ್ಲ.

ಆಗಬೇಕಾದ ಕೆಲಸ ಸಣ್ಣದು. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) 45 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಫ್ಯಾನ್ ಶುರು, 40ಕ್ಕೆ ಇಳಿದಾಗ ಬಂದ್. ಇದಕ್ಕೆ ಮೈಕ್ರೋಕಂಟ್ರೋಲರ್ ಯಾಕೆ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂದುಕೊಂಡು ಎಲ್‌ಎಂ393 ಹಾಕಿದೆ. ಕಂಪೇರೇಟರ್ ಅಂದರೆ ಎರಡು ವೋಲ್ಟೇಜ್ ಹೋಲಿಸಿ ಯಾವುದು ಜಾಸ್ತಿ ಅಂತ ಹೇಳುವ ಸರ್ಕ್ಯೂಟ್. ಈ ಒಂದೇ ಚಿಪ್ಪಿನಲ್ಲಿ ಅಂಥವು ಎರಡು ಇರುತ್ತವೆ, ನನಗೆ ಒಂದು ಸಾಕಿತ್ತು.

ಜೋಡಣೆ ಹೀಗಿತ್ತು. 5 ವೋಲ್ಟಿನಿಂದ 4.7 ಕಿಲೋಓಮ್ ರೆಸಿಸ್ಟರ್, ಅದರ ಕೆಳಗೆ ಥರ್ಮಿಸ್ಟರ್, ಅದರ ಕೆಳಗೆ ಗ್ರೌಂಡ್. ಥರ್ಮಿಸ್ಟರ್ ಎನ್‌ಟಿಸಿ ಜಾತಿಯದು: 25 ಡಿಗ್ರಿಯಲ್ಲಿ 10 ಕಿಲೋಓಮ್, ಬೀಟಾ (ಬಿಸಿಗೆ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ) 3950. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಮಧ್ಯದ ವೋಲ್ಟೇಜೂ ಇಳಿಯುತ್ತದೆ. 40 ಡಿಗ್ರಿಯಲ್ಲಿ ಅದು ಸುಮಾರು 5.3 ಕಿಲೋಓಮ್, ಮಧ್ಯದಲ್ಲಿ 2.65 ವೋಲ್ಟ್. 45ರಲ್ಲಿ ಸುಮಾರು 4.35 ಕಿಲೋಓಮ್, 2.40 ವೋಲ್ಟ್. ಅಂದರೆ ಡಿಗ್ರಿಗೆ ಹತ್ತಿರ ಹತ್ತಿರ 50 ಮಿಲಿವೋಲ್ಟ್. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಮಧ್ಯದ ಬಿಂದು ಕಂಪೇರೇಟರಿನ ಮೈನಸ್ ಪಿನ್ನಿಗೆ ಹೋಗುತ್ತದೆ. ಪ್ಲಸ್ ಪಿನ್ನಿಗೆ ಎರಡು ರೆಸಿಸ್ಟರಿನಿಂದ ಮಾಡಿದ ಸ್ಥಿರ ವೋಲ್ಟೇಜ್, ಅದೇ ಗಡಿ. ಬಿಸಿಯಾದಾಗ ಮೈನಸ್ ಪಿನ್ ಪ್ಲಸ್ಸಿಗಿಂತ ಕೆಳಗೆ ಹೋಗುತ್ತದೆ, ಔಟ್‌ಪುಟ್ ಮೇಲೇರುತ್ತದೆ, ಬಿಸಿ547 ಟ್ರಾನ್ಸಿಸ್ಟರ್ ಆನ್ ಆಗಿ ರಿಲೇ ಎಳೆಯುತ್ತದೆ. ರಿಲೇ ಕಾಯಿಲ್ 12 ವೋಲ್ಟಿನದು, 400 ಓಮ್, ಅಂದರೆ 30 ಮಿಲಿಆಂಪ್. ಫ್ಯಾನ್‌ಗೆ ನೇರವಾಗಿ ಒಂದು ಮಾಸ್‌ಫೆಟ್ ಹಾಕಿದರೆ ರಿಲೇನೇ ಬೇಡ ಅಲ್ವಾ ಅಂತ ಕೇಳಬಹುದು. ನಿಜ. ಆದರೆ ರಿಲೇಯ ಇನ್ನೊಂದು ಜೊತೆ ಕಾಂಟ್ಯಾಕ್ಟ್ ಬೇರೆ ಕೆಲಸಕ್ಕೆ ಬೇಕಿತ್ತು, ಹಾಗಾಗಿ ಉಳಿಸಿಕೊಂಡೆ.

ಟರ್ರ್ ಯಾಕೆ ಬಂತು?

ಮೊದಲ ಬೋರ್ಡಿನಲ್ಲಿ ಹಿಸ್ಟರೆಸಿಸ್ ಹಾಕಿರಲಿಲ್ಲ. ಆನ್ ಆಗುವ ಗಡಿಗೂ ಆಫ್ ಆಗುವ ಗಡಿಗೂ ಬೇಕೆಂದೇ ಇಡುವ ಅಂತರಕ್ಕೆ ಆ ಹೆಸರು. ಇಷ್ಟು ನಿಧಾನದ ಸಿಗ್ನಲ್‌ಗೆ ಅದೆಲ್ಲ ಯಾಕೆ ಅನ್ನೋ ಸೋಮಾರಿತನ. ಸಿಗ್ನಲ್ ನಿಧಾನವಾದಷ್ಟೂ ಹಿಸ್ಟರೆಸಿಸ್ಸಿನ ಅಗತ್ಯ ಜಾಸ್ತಿ ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ.

ಲೆಕ್ಕ ನೋಡಿ. ಹೀಟ್‌ಸಿಂಕ್ ನಿಮಿಷಕ್ಕೆ ಒಂದು ಡಿಗ್ರಿ ಏರುತ್ತಿತ್ತು. ಅಂದರೆ ಮೈನಸ್ ಪಿನ್ ನಿಮಿಷಕ್ಕೆ 50 ಮಿಲಿವೋಲ್ಟ್, ಸೆಕೆಂಡಿಗೆ ಸುಮಾರು 0.83 ಮಿಲಿವೋಲ್ಟ್ ಇಳಿಯುತ್ತಿತ್ತು. ಥರ್ಮಿಸ್ಟರಿನ ತಂತಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಹಾದು ಬರುತ್ತಿತ್ತು. ಸ್ಕೋಪ್ (ವೋಲ್ಟೇಜಿನ ಅಲೆ ತೋರಿಸುವ ಉಪಕರಣ) ಹಿಡಿದು ನೋಡಿದರೆ 50 ಹರ್ಟ್ಸ್ ಹಮ್, ಅಂದರೆ ಮೇನ್ಸ್ ಕರೆಂಟಿನ ಗುಂಗು, ತುದಿಯಿಂದ ತುದಿಗೆ 30 ಮಿಲಿವೋಲ್ಟ್. ಈ 30 ಮಿಲಿವೋಲ್ಟಿನ ಅಲೆ ಗಡಿಯನ್ನು ಪೂರ್ತಿ ದಾಟಿ ಆಚೆ ಹೋಗುವುದಕ್ಕೆ 30 ÷ 0.83, ಅಂದರೆ 36 ಸೆಕೆಂಡು ಬೇಕು. ಅಷ್ಟು ಹೊತ್ತೂ ಪ್ರತಿ ಅಲೆ ಗಡಿಯನ್ನು ಎರಡು ಸಲ ದಾಟುತ್ತದೆ. ಎಲ್‌ಎಂ393ರ ಗೇನ್ ಸಾಮಾನ್ಯವಾಗಿ ಎರಡು ಲಕ್ಷದಷ್ಟು, 25 ಮೈಕ್ರೋವೋಲ್ಟ್ ಅತ್ತಿತ್ತ ಆದರೆ ಔಟ್‌ಪುಟ್ ಪೂರ್ತಿ ತಿರುಗಿಬಿಡುತ್ತದೆ. ಅದರ ಎದುರಿಗೆ 30 ಮಿಲಿವೋಲ್ಟ್ ಇಟ್ಟರೆ ಅದು ಕುಣಿಯದೆ ಏನು ಮಾಡುತ್ತೆ?

36 ಸೆಕೆಂಡಿಗೆ ಲೆಕ್ಕ ಸಿಕ್ಕಿತು. ನಾನು ಗಡಿಯಾರದಲ್ಲಿ ನೋಡಿದ್ದು ಒಂದು ನಿಮಿಷದ ಮೇಲೆ. ಉಳಿದದ್ದು ಎಲ್ಲಿಂದ ಬಂತು ಅಂತ ಅವತ್ತು ಕೇಳಿಕೊಂಡಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ಗಡಿ ಒಂದೇ ಇದ್ದರೆ ಜಗಳ ತಪ್ಪದು. ಹಾಗಾಗಿ ಎರಡು ಗಡಿ ಮಾಡಬೇಕು. ಒಂದನ್ನು ದಾಟಿದ ಕೂಡಲೇ ಅದು ದೂರ ಸರಿಯಬೇಕು, ವಾಪಸ್ ಬರಬೇಕಾದರೆ ಇನ್ನೊಂದನ್ನು ಮುಟ್ಟಬೇಕು. ಇದನ್ನು 1934ರಲ್ಲಿ ಯೋಚಿಸಿದವನು ಆಟೋ ಸ್ಮಿಟ್ ಅನ್ನೋ ಅಮೆರಿಕದ ವಿದ್ಯಾರ್ಥಿ. ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದಾಗ ಅವನಿಗೆ ಇದು ಹೊಳೆಯಿತು. ಸ್ಮಿಟ್ ಟ್ರಿಗರ್ ಅಂತ ನಾವು ಕರೆಯುವುದು ಅದನ್ನೇ.

ಕಾಗದದ ಮೇಲಿನ ಲೆಕ್ಕ

ಮಾಡುವುದು ಸುಲಭ. ಔಟ್‌ಪುಟ್ಟಿನಿಂದ ಪ್ಲಸ್ ಪಿನ್ನಿಗೆ ಒಂದು ರೆಸಿಸ್ಟರ್. ಔಟ್‌ಪುಟ್ ಮೇಲೆ ಹೋದರೆ ಅದು ಪ್ಲಸ್ ಪಿನ್ನನ್ನೂ ಸ್ವಲ್ಪ ಮೇಲೆ ಎಳೆಯುತ್ತದೆ, ಕೆಳಗೆ ಬಂದರೆ ಕೆಳಗೆ.

ಪ್ಲಸ್ ಪಿನ್ನಿನಲ್ಲಿ 5 ವೋಲ್ಟಿನಿಂದ 10 ಕಿಲೋಓಮ್, ಗ್ರೌಂಡಿಗೆ 10 ಕಿಲೋಓಮ್. ಎರಡನ್ನೂ ಸೇರಿಸಿ ನೋಡಿದರೆ 2.5 ವೋಲ್ಟ್, ಅದರ ಹಿಂದೆ 5 ಕಿಲೋಓಮ್. ನನಗೆ ಬೇಕಾದ ಅಂತರ 0.25 ವೋಲ್ಟ್. ಔಟ್‌ಪುಟ್ 0ಯಿಂದ 5 ವೋಲ್ಟಿನವರೆಗೆ ಆಡಿದರೆ, ಆ 5 ವೋಲ್ಟಿನ ಇಪ್ಪತ್ತನೇ ಒಂದು ಪಾಲು ಪ್ಲಸ್ ಪಿನ್ನಿಗೆ ಬರಬೇಕು. 5 ಕಿಲೋಓಮ್‌ಗೆ 95 ಕಿಲೋಓಮ್ ಸೇರಿಸಿದರೆ ಆ ಪಾಲು ಸಿಗುತ್ತದೆ. ಕೈಗೆ ಸಿಕ್ಕಿದ್ದು 100 ಕಿಲೋಓಮ್.

ಎಲ್‌ಎಂ393ರ ಔಟ್‌ಪುಟ್ ಓಪನ್ ಕಲೆಕ್ಟರ್. ಅದು ಕೆಳಗೆ ಮಾತ್ರ ಎಳೆಯುತ್ತದೆ, ಮೇಲೆ ತಳ್ಳುವುದಿಲ್ಲ. ಮೇಲೆ ಎಳೆಯುವುದಕ್ಕೆ 5 ವೋಲ್ಟಿಗೆ 10 ಕಿಲೋಓಮ್ ಪುಲ್-ಅಪ್ ಹಾಕಿದ್ದೆ. ಔಟ್‌ಪುಟ್ ಮೇಲಿದ್ದಾಗ ಈ 10 ಕಿಲೋಓಮ್ ಕೂಡ 100ರ ಜೊತೆ ಸಾಲಿನಲ್ಲಿ ಸೇರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದೆ. ಹಿಡಿದೆ ಅಂತ ಒಳಗೊಳಗೇ ಬೀಗಿದ್ದೂ ಉಂಟು.

ಔಟ್‌ಪುಟ್ ಕೆಳಗಿದ್ದಾಗ ಪ್ಲಸ್ ಪಿನ್: 2.5 × 100 ÷ 105 = 2.381 ವೋಲ್ಟ್. ಔಟ್‌ಪುಟ್ ಮೇಲಿದ್ದಾಗ: 2.5 + 2.5 × 5 ÷ 115 = 2.609 ವೋಲ್ಟ್. ಅಂತರ 228 ಮಿಲಿವೋಲ್ಟ್. ಉಷ್ಣತೆಗೆ ತಿರುಗಿಸಿದರೆ 45.4ಕ್ಕೆ ಆನ್, 40.8ಕ್ಕೆ ಆಫ್. ಸಾಕಪ್ಪ ಅನ್ನುವಷ್ಟು ಚೆನ್ನಾಗಿತ್ತು.

ಉಳಿದ ತಪ್ಪುಗಳೆಲ್ಲ ಸಣ್ಣವು. ಎಲ್‌ಎಂ393ರ ಆಫ್‌ಸೆಟ್ (ಹೋಲಿಕೆಯಲ್ಲಿ ಅದು ಮಾಡುವ ತಪ್ಪು) ಹೆಚ್ಚೆಂದರೆ 5 ಮಿಲಿವೋಲ್ಟ್, ಅದು 0.1 ಡಿಗ್ರಿ. ಇನ್‌ಪುಟ್ ಕರೆಂಟ್ ನ್ಯಾನೋಆಂಪ್ ಲೆಕ್ಕದ್ದು, 5 ಕಿಲೋಓಮ್ ಮೇಲೆ ಅದರಿಂದ ಏನೂ ಆಗದು. 5 ವೋಲ್ಟ್ ಸಪ್ಲೈ ಸ್ವಲ್ಪ ಏರಿಳಿದರೂ ಚಿಂತೆಯಿಲ್ಲ. ಸೆನ್ಸರ್, ರೆಫರೆನ್ಸ್, ಪುಲ್-ಅಪ್ ಮೂರೂ ಅದೇ 5 ವೋಲ್ಟಿನಿಂದ ಬರುವುದರಿಂದ ಎಲ್ಲ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ.

ಬೆಸುಗೆ ಇಲ್ಲದೆ ತಂತಿ ಚುಚ್ಚಿ ನೋಡುವ ಬ್ರೆಡ್‌ಬೋರ್ಡಿನಲ್ಲಿ ಜೋಡಿಸಿ, ಥರ್ಮಿಸ್ಟರ್ ಬದಲು ಪೊಟೆನ್ಶಿಯೋಮೀಟರ್ ಹಾಕಿ, ನಿಧಾನವಾಗಿ ತಿರುಗಿಸಿ ಅಳೆದೆ. 2.386ಕ್ಕೆ ಒಂದು ಕಡೆ ತಿರುಗಿತು, 2.609ಕ್ಕೆ ಇನ್ನೊಂದು ಕಡೆ. ಲೆಕ್ಕಕ್ಕಿಂತ 5 ಮಿಲಿವೋಲ್ಟ್ ವ್ಯತ್ಯಾಸ ಬಂದಿದ್ದು ಔಟ್‌ಪುಟ್ ಪೂರ್ತಿ ಸೊನ್ನೆಗೆ ಇಳಿಯದೆ 0.1 ವೋಲ್ಟಿನ ಹತ್ತಿರ ನಿಲ್ಲುವುದರಿಂದ. ಖುಷಿಯಾಗಿ 100 ಕಿಲೋಓಮ್ ರೆಸಿಸ್ಟರನ್ನು ಪೆಟ್ಟಿಗೆಯ ಬೋರ್ಡಿಗೆ ಬೆಸುಗೆ ಹಾಕಿ ಮುಚ್ಚಳ ಮುಚ್ಚಿದೆ.

ಪೆಟ್ಟಿಗೆ ಬಿಸಿಯಾಯಿತು. ಟರ್ರ್. ಈ ಸಲ ಒಂದು ನಿಮಿಷವಲ್ಲ, ಅರ್ಧ ಸೆಕೆಂಡು. ಆಮೇಲೆ ಫ್ಯಾನ್ ನೆಟ್ಟಗೆ ಓಡಿತು. ಕಾಯಿಲೆ ಕಡಿಮೆಯಾಗಿತ್ತು, ವಾಸಿಯಾಗಿರಲಿಲ್ಲ. ಜೊತೆಗೆ ಇನ್ನೊಂದು ವಿಚಿತ್ರ: ಫ್ಯಾನ್ 41ರ ಹತ್ತಿರ ನಿಲ್ಲಬೇಕಾದದ್ದು 43 ದಾಟುವ ಮೊದಲೇ ನಿಂತುಬಿಡುತ್ತಿತ್ತು.

ಒಂದು ತಪ್ಪು ಮದ್ದು

ಇಲ್ಲಿ ನಾನು ಮಾಡಿದ ಕೆಲಸ ಎಷ್ಟೋ ಜನ ಮಾಡುವಂಥದ್ದೇ. ರೆಫರೆನ್ಸ್ ಅಲುಗಾಡುತ್ತಿರಬೇಕು ಅಂದುಕೊಂಡು ಪ್ಲಸ್ ಪಿನ್ನಿಗೂ ಗ್ರೌಂಡಿಗೂ ಮಧ್ಯೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. ರೆಫರೆನ್ಸ್ ಅಂದ ಕೂಡಲೇ ಕೈ ಕೆಪಾಸಿಟರ್ ಡಬ್ಬಿಗೆ ಹೋಗುವುದು ಅಭ್ಯಾಸಬಲ.

ರಿಲೇಯ ಟರ್ರ್ ಹಾಗೇ ಇತ್ತು. ಸ್ಕೋಪಿನಲ್ಲಿ ಮಾತ್ರ ಹೊಸದೊಂದು ಕಾಣಿಸಿತು. ಮೊದಲು ಔಟ್‌ಪುಟ್ ಒಂದೇ ಗೆರೆಯಲ್ಲಿ ಏರುತ್ತಿತ್ತು. ಈಗ ಏರುವ ಜಾಗದಲ್ಲಿ ಬಾಚಣಿಗೆಯ ಹಲ್ಲುಗಳ ಹಾಗೆ ಒತ್ತೊತ್ತಾಗಿ ಗೆರೆಗಳು. ಯಾಕೆ ಅಂದರೆ, ಹಿಸ್ಟರೆಸಿಸ್ ಬರುವುದೇ ಪ್ಲಸ್ ಪಿನ್ ಜಿಗಿಯುವುದರಿಂದ. ಅಲ್ಲಿ ಕೆಪಾಸಿಟರ್ ಕೂರಿಸಿದರೆ ಜಿಗಿತ ತೆವಳಾಗುತ್ತದೆ. 5 ಕಿಲೋಓಮ್ ಮತ್ತು 100 ನ್ಯಾನೋಫ್ಯಾರಡ್ ಅಂದರೆ ಅರ್ಧ ಮಿಲಿಸೆಕೆಂಡು. ಕಂಪೇರೇಟರ್ ಒಂದೆರಡು ಮೈಕ್ರೋಸೆಕೆಂಡಿನಲ್ಲಿ ತಿರುಗುವ ಪ್ರಾಣಿ. ಗಡಿ ದೂರ ಸರಿಯುವ ಮೊದಲೇ ಅದು ಹತ್ತಾರು ಸಲ ಹಿಂದೆ ಮುಂದೆ ಆಗಿರುತ್ತದೆ. ರಿಲೇ ದಪ್ಪ ಚರ್ಮದ್ದು, ಇದು ಅದಕ್ಕೆ ತಾಗಲಿಲ್ಲ. ಆ ಜಾಗದಲ್ಲಿ ಒಂದು ಕೌಂಟರ್ ಇದ್ದಿದ್ದರೆ ಒಂದರ ಬದಲು ನಲವತ್ತು ಎಣಿಸುತ್ತಿತ್ತು.

ಕೆಪಾಸಿಟರ್ ಕಿತ್ತು ಹಾಕಿದೆ.

ಎರಡು ತಂತಿ ತುಂಡು, ಒಂದು ಮೀಟರ್

ಇನ್ನು ಊಹೆ ಸಾಕು, ಬೋರ್ಡನ್ನು ಅದು ಇರುವ ಜಾಗದಲ್ಲೇ ಅಳೆಯೋಣ ಅಂತ ಕೂತೆ. ಇದಕ್ಕೆ ಪೊಟೆನ್ಶಿಯೋಮೀಟರೂ ಬೇಡ. ಸೆನ್ಸರ್ ತಂತಿ ಕಳಚಿ ಮೈನಸ್ ಪಿನ್ನನ್ನು 5 ವೋಲ್ಟಿಗೆ ಮುಟ್ಟಿಸಿದರೆ ಔಟ್‌ಪುಟ್ ಕೆಳಗೆ ಬರುತ್ತದೆ. ಆಗ ಪ್ಲಸ್ ಪಿನ್ನಿನಲ್ಲಿ ಮೀಟರ್ ತೋರಿಸುವುದೇ ಕೆಳಗಿನ ಗಡಿ. ಮೈನಸ್ ಪಿನ್ನನ್ನು ಗ್ರೌಂಡಿಗೆ ಮುಟ್ಟಿಸಿದರೆ ಔಟ್‌ಪುಟ್ ಮೇಲೆ, ಆಗ ಮೀಟರಿನಲ್ಲಿ ಮೇಲಿನ ಗಡಿ. ಹತ್ತು ಸೆಕೆಂಡಿನ ಕೆಲಸ. ಮೀಟರಿನ ಇನ್‌ಪುಟ್ 10 ಮೆಗಾಓಮ್ ಇದ್ದರೆ 5 ಕಿಲೋಓಮ್ ಬಿಂದುವಿಗೆ ಅದು ಭಾರವೂ ಆಗದು.

ಕೆಳಗಿನ ಗಡಿ 2.386. ಸರಿ.

ಮೇಲಿನ ಗಡಿ 2.480.

ಮೀಟರ್ ಕೆಟ್ಟಿದೆಯಾ ಅಂತ ಒಂದು ಸಲ ಅದನ್ನೇ ತಟ್ಟಿ ನೋಡಿದೆ. ಇಲ್ಲ, 2.480. ಅಂತರ 94 ಮಿಲಿವೋಲ್ಟ್. ಕಾಗದದಲ್ಲಿ 228, ಬ್ರೆಡ್‌ಬೋರ್ಡಿನಲ್ಲಿ 223, ಇಲ್ಲಿ 94. ಮೀಟರಿನ ಕಡ್ಡಿಯನ್ನು ಔಟ್‌ಪುಟ್ ಪಿನ್ನಿಗೆ ಇಟ್ಟೆ. 5ರ ಹತ್ತಿರ ಇರಬೇಕಾದದ್ದು 2.07 ವೋಲ್ಟ್.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಬ್ರೆಡ್‌ಬೋರ್ಡಿನಲ್ಲಿ ನಾನು ಟ್ರಾನ್ಸಿಸ್ಟರ್ ಜೋಡಿಸಿರಲೇ ಇಲ್ಲ. ಅದು ಹಳೆಯ ಬೋರ್ಡಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು, ಅದನ್ನು ಯಾಕೆ ಮತ್ತೆ ಪರೀಕ್ಷಿಸುವುದು? ಆದರೆ ಬಿಸಿ547ರ ಬೇಸ್‌ಗೆ ಔಟ್‌ಪುಟ್ಟಿನಿಂದ 4.7 ಕಿಲೋಓಮ್ ಹೋಗುತ್ತಿತ್ತು. ಬೇಸ್ 0.7 ವೋಲ್ಟಿನಲ್ಲಿ ಕೂತಿರುತ್ತದೆ. 5 ವೋಲ್ಟಿನಿಂದ 10 ಕಿಲೋಓಮ್, ಅಲ್ಲಿಂದ 4.7 ಕಿಲೋಓಮ್, ಅಲ್ಲಿಂದ 0.7 ವೋಲ್ಟ್. ಮಧ್ಯದ ಬಿಂದು: 0.7 + 4.3 × 4.7 ÷ 14.7 = 2.07. ಮೀಟರ್ ಹೇಳಿದ್ದೂ ಅದನ್ನೇ.

ನನ್ನ 100 ಕಿಲೋಓಮ್ ರೆಸಿಸ್ಟರಿನ ಕಡೆಯಿಂದ ನೋಡಿ. ಔಟ್‌ಪುಟ್ 5 ವೋಲ್ಟಿಗೆ ಏರುತ್ತದೆ, ಪ್ಲಸ್ ಪಿನ್ನನ್ನು ಮೇಲೆ ಎಳೆಯೋಣ ಅಂತ ಅದು ಕಾದಿತ್ತು. ಔಟ್‌ಪುಟ್ ಏರಿದ್ದು 2.07ಕ್ಕೆ. ಪ್ಲಸ್ ಪಿನ್ 2.5ರ ಹತ್ತಿರ ಇದೆ. ಅಂದರೆ ಔಟ್‌ಪುಟ್ ‘ಮೇಲೆ’ ಇದ್ದಾಗಲೂ ಅದು ಪ್ಲಸ್ ಪಿನ್ನನ್ನು ಕೆಳಗೇ ಎಳೆಯುತ್ತಿತ್ತು, ಸ್ವಲ್ಪ ಕಡಿಮೆ ಜೋರಾಗಿ ಅಷ್ಟೇ. ಸೂತ್ರದಲ್ಲಿ ನಾನು ಹಾಕಿದ 5 ವೋಲ್ಟ್ ಬೋರ್ಡಿನಲ್ಲಿ ಎಲ್ಲೂ ಇರಲಿಲ್ಲ. ರಿಲೇಯ ಟ್ರಾನ್ಸಿಸ್ಟರಿಗೆ ಅದು ಗೊತ್ತಾಗುವಂತೆಯೂ ಇರಲಿಲ್ಲ, ಅದಕ್ಕೆ ಬೇಕಾದ ಬೇಸ್ ಕರೆಂಟ್ 0.29 ಮಿಲಿಆಂಪ್ ಬರುತ್ತಿತ್ತು. ಅದು ಸುಖವಾಗಿ ಕೆಲಸ ಮಾಡುತ್ತಾ ನನ್ನ ಹಿಸ್ಟರೆಸಿಸ್ಸಿನ ಅರ್ಧಕ್ಕಿಂತ ಜಾಸ್ತಿ ತಿಂದಿತ್ತು.

ಫ್ಯಾನ್ ಬೇಗ ನಿಲ್ಲುತ್ತಿದ್ದ ಗುಟ್ಟೂ ಇದರಲ್ಲೇ ಬಯಲಾಯಿತು. 2.48 ವೋಲ್ಟ್ ಅಂದರೆ 43.4 ಡಿಗ್ರಿ. ಫ್ಯಾನ್ ಇನ್ನೂ ಬೇಗ ನಿಲ್ಲುತ್ತಿತ್ತಲ್ಲ, ಅದಕ್ಕೆ ಹಮ್‌ನ ತುದಿಯೂ ಕೈ ಜೋಡಿಸುತ್ತಿತ್ತು.

ಆದರೂ ಒಂದು ಕಸಿವಿಸಿ. ಹಮ್ ಇದ್ದದ್ದು 30 ಮಿಲಿವೋಲ್ಟ್. ಹಿಸ್ಟರೆಸಿಸ್ 94. ಮೂರು ಪಟ್ಟು. ಹಾಗಿದ್ದರೂ ಟರ್ರ್ ಯಾಕೆ?

ಒಂದು ತಂತಿ ಉಳಿಸಿದ ಕಥೆ

ಸ್ಕೋಪನ್ನು ಮೈನಸ್ ಪಿನ್ನಿಗೆ ಹಾಕಿ, ಫ್ಯಾನ್ ಶುರುವಾಗುವ ಕ್ಷಣಕ್ಕೆ ಟ್ರಿಗರ್ ಇಟ್ಟು ಕಾದೆ. ರಿಲೇ ಎಳೆದ ತಕ್ಷಣ ಮೈನಸ್ ಪಿನ್ ಸುಮಾರು 78 ಮಿಲಿವೋಲ್ಟ್ ಮೇಲಕ್ಕೆ ಜಿಗಿಯಿತು. ಒಂದೇ ಕ್ಷಣದಲ್ಲಿ ಹೀಟ್‌ಸಿಂಕ್ ಒಂದೂವರೆ ಡಿಗ್ರಿ ತಣ್ಣಗಾದ ಹಾಗೆ!

ಥರ್ಮಿಸ್ಟರ್ ಇದ್ದದ್ದು ಪೆಟ್ಟಿಗೆಯ ಆ ತುದಿಯಲ್ಲಿ, ಫ್ಯಾನ್ ಪಕ್ಕದಲ್ಲಿ. ಥರ್ಮಿಸ್ಟರಿನ ಗ್ರೌಂಡ್ ತಂತಿಯನ್ನು ಬೋರ್ಡಿನವರೆಗೆ ಎಳೆಯುವುದರ ಬದಲು ಅಲ್ಲೇ ಫ್ಯಾನಿನ ಮೈನಸ್ ತಂತಿಗೆ ಸೇರಿಸಿದ್ದೆ. ಒಂದು ತಂತಿ ಉಳಿಯಿತು ಅಂತ. ಫ್ಯಾನ್ ಓಡುವಾಗ 0.35 ಆಂಪ್, ಶುರುವಾಗುವಾಗ ಸುಮಾರು 1 ಆಂಪ್. ಆ ತೆಳು ತಂತಿ ಮತ್ತು ಕನೆಕ್ಟರ್ ಸೇರಿ 0.15 ಓಮ್. ಶುರುವಿನಲ್ಲಿ 150 ಮಿಲಿವೋಲ್ಟ್ ಅಲ್ಲೇ ಬೀಳುತ್ತದೆ, ಥರ್ಮಿಸ್ಟರಿನ ಬುಡವೇ ಅಷ್ಟು ಮೇಲೇಳುತ್ತದೆ. ಡಿವೈಡರಿನಲ್ಲಿ (4.7 ಕಿಲೋಓಮ್ ಮತ್ತು ಥರ್ಮಿಸ್ಟರಿನ ಜೋಡಿಯಲ್ಲಿ) ಅದರ 0.52 ಪಾಲು ಮೈನಸ್ ಪಿನ್ನಿಗೆ ತಲುಪುತ್ತದೆ: 78 ಮಿಲಿವೋಲ್ಟ್. ಓಡುವಾಗಿನ ಕರೆಂಟಿಗೆ 27.

ಇದರ ದಿಕ್ಕು ನೋಡಿ. ಫ್ಯಾನ್ ಶುರುವಾದರೆ ‘ತಣ್ಣಗಾಯಿತು, ನಿಲ್ಲಿಸು’ ಅನ್ನುವ ಕಡೆಗೇ ಅದು ತಳ್ಳುತ್ತದೆ. ಒಂದು ಕಡೆ 100 ಕಿಲೋಓಮ್ ಹಾಕಿ ಹಿಸ್ಟರೆಸಿಸ್ ಕೊಡುತ್ತಿದ್ದೆ, ಇನ್ನೊಂದು ಕಡೆ ಗ್ರೌಂಡ್ ತಂತಿಯಿಂದ ಅದನ್ನೇ ವಾಪಸ್ ಕಿತ್ತುಕೊಳ್ಳುತ್ತಿದ್ದೆ. ಇನ್ನು ಲೆಕ್ಕ ತಾನಾಗಿ ಕೂತುಕೊಳ್ಳುತ್ತದೆ. ಹಮ್ 30, ಶುರುವಿನ ಜಿಗಿತ 78, ಒಟ್ಟು 108. ನನ್ನ ಹತ್ತಿರ ಇದ್ದದ್ದು 94. ಫ್ಯಾನ್ ವೇಗ ಹಿಡಿದ ಮೇಲೆ 30 ಮತ್ತು 27, ಒಟ್ಟು 57. ಆಗ 94 ಧಾರಾಳ. ಅದಕ್ಕೇ ಅರ್ಧ ಸೆಕೆಂಡಿನ ಟರ್ರ್, ಆಮೇಲೆ ಶಾಂತಿ. ಹಿಸ್ಟರೆಸಿಸ್ ಇಲ್ಲದ ಮೊದಲ ಬೋರ್ಡಿನಲ್ಲಿ 36 ಸೆಕೆಂಡಿನ ಬದಲು ಒಂದು ನಿಮಿಷದ ಮೇಲೆ ಕೂಗಿದ್ದರಲ್ಲೂ ಫ್ಯಾನಿನ ಪಾಲು ಇದೇ.

ತಮಾಷೆಯೆಂದರೆ, ಕಾಗದದ 228 ನಿಜವಾಗಿ ಬೋರ್ಡಿನಲ್ಲಿ ಇದ್ದಿದ್ದರೆ ಈ ಗ್ರೌಂಡ್ ತಪ್ಪು ನನಗೆ ಗೊತ್ತೇ ಆಗುತ್ತಿರಲಿಲ್ಲ. ಫ್ಯಾನ್ ಅರ್ಧ ಡಿಗ್ರಿ ಬೇಗ ನಿಲ್ಲುತ್ತಿತ್ತು, ನಾನು ಥರ್ಮಿಸ್ಟರಿನ ಮೇಲೆ ಗೂಬೆ ಕೂರಿಸುತ್ತಿದ್ದೆ.

ಬದಲಾಯಿಸಿದ್ದು

ಔಟ್‌ಪುಟ್ ಭಾರ ಇಳಿಸುವುದಕ್ಕೆ ಮೂರು ದಾರಿ ಇತ್ತು. ಒಂದು, ಪುಲ್-ಅಪ್ ಕಡಿಮೆ ಮಾಡಿ ಬೇಸ್ ರೆಸಿಸ್ಟರ್ ಜಾಸ್ತಿ ಮಾಡುವುದು. 2.2 ಮತ್ತು 22 ಕಿಲೋಓಮ್ ಹಾಕಿದರೆ ಔಟ್‌ಪುಟ್ 4.6 ವೋಲ್ಟಿಗೆ ಏರುತ್ತದೆ, ಆದರೆ ಬೇಸ್ ಕರೆಂಟ್ 0.18 ಮಿಲಿಆಂಪಿಗೆ ಇಳಿಯುತ್ತದೆ. 30 ಮಿಲಿಆಂಪ್ ರಿಲೇಗೆ ಅದು ಬಿಗಿ. ಎರಡು, ಸುಮ್ನೆ ಕೂತಿರುವ ಇನ್ನೊಂದು ಕಂಪೇರೇಟರನ್ನು ಮಧ್ಯೆ ಹಾಕಿ ಅದರಿಂದ ಟ್ರಾನ್ಸಿಸ್ಟರ್ ಓಡಿಸುವುದು. ಅಚ್ಚುಕಟ್ಟಾದ ದಾರಿ, ಆದರೆ ಅದಕ್ಕೆ ಬೇರೆ ಕೆಲಸ ಯೋಚಿಸಿದ್ದೆ. ಮೂರು, ಟ್ರಾನ್ಸಿಸ್ಟರ್ ಕಿತ್ತು ಮಾಸ್‌ಫೆಟ್ ಹಾಕುವುದು. ಗೇಟಿಗೆ ನಿಂತ ಕರೆಂಟ್ ಬೇಡ. 2ಎನ್7000 ಗೇಟಿಗೆ 4.8 ವೋಲ್ಟ್ ಸಿಕ್ಕರೆ 30 ಮಿಲಿಆಂಪ್ ಲೀಲಾಜಾಲ. ಅದನ್ನೇ ಹಾಕಿದೆ.

ಇಲ್ಲಿ ಒಂದು ಎಚ್ಚರಿಕೆ. ಎರಡೂ ಒಂದೇ ಥರದ ಕಪ್ಪು ಪ್ಲಾಸ್ಟಿಕ್ ತುಂಡು. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಬಿಸಿ547 ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್7000 ಎಡದಿಂದ ಸೋರ್ಸ್, ಗೇಟ್, ಡ್ರೈನ್. ಅಂದರೆ ತಿರುಗಿಸಿ ಕೂರಿಸಬೇಕು. ನಾನು ಮೊದಲು ತಿರುಗಿಸದೆ ಕೂರಿಸಿದೆ. ಪವರ್ ಕೊಟ್ಟ ಕೂಡಲೇ ರಿಲೇ ಎಳೆದು ಹಾಗೇ ಹಿಡಿದುಕೊಂಡಿತು. ಮಾಸ್‌ಫೆಟ್ ಒಳಗಿನ ಡಯೋಡ್ ಮೂಲಕ ಕರೆಂಟ್ ಹರಿಯುತ್ತಿತ್ತು, ಗೇಟ್ ಏನು ಹೇಳಿದರೂ ಕೇಳುವವರಿಲ್ಲ.

ಥರ್ಮಿಸ್ಟರಿಗೆ ಅದರದೇ ಗ್ರೌಂಡ್ ತಂತಿ ಎಳೆದೆ. ಎರಡೂ ತಂತಿ ಹೆಣೆದು ಕಂಪೇರೇಟರಿನ ಗ್ರೌಂಡ್ ಪಿನ್ ಪಕ್ಕಕ್ಕೇ ತಂದೆ. ಮೈನಸ್ ಪಿನ್ನಿನಿಂದ ಅದೇ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್ ಇರಬೇಕಾದದ್ದು ಈ ಕಡೆ, ಪ್ಲಸ್ ಪಿನ್ನಿನ ಕಡೆ ಅಲ್ಲ. ಡಿವೈಡರಿನ 2.26 ಕಿಲೋಓಮ್ ಜೊತೆ ಅದು 7 ಹರ್ಟ್ಸ್‌ನ ಫಿಲ್ಟರ್ ಆಗುತ್ತದೆ, 30 ಮಿಲಿವೋಲ್ಟ್ ಹಮ್ ನಾಲ್ಕಕ್ಕೆ ಇಳಿಯುತ್ತದೆ. ನಿಮಿಷಗಳಲ್ಲಿ ಬದಲಾಗುವ ಉಷ್ಣತೆಗೆ ಈ 23 ಮಿಲಿಸೆಕೆಂಡಿನ ತಡ ಲೆಕ್ಕಕ್ಕೇ ಇಲ್ಲ.

ಇಷ್ಟು ಸ್ವಚ್ಛವಾದ ಮೇಲೆ 223 ಮಿಲಿವೋಲ್ಟ್ ಹಿಸ್ಟರೆಸಿಸ್ ಜಾಸ್ತಿಯಾಗಲಿಲ್ವಾ? ಗಲಾಟೆ ತಡೆಯುವುದಕ್ಕೆ ಮಾತ್ರ ಆದರೆ 20 ಸಾಕಿತ್ತು. ಆದರೆ 20 ಮಿಲಿವೋಲ್ಟ್ ಅಂದರೆ 0.4 ಡಿಗ್ರಿ. ಫ್ಯಾನ್ ಪದೇ ಪದೇ ಶುರುವಾಗಿ ನಿಲ್ಲುತ್ತಾ ಕಿರಿಕಿರಿ ಮಾಡುತ್ತದೆ. ಇಲ್ಲಿನ 5 ಡಿಗ್ರಿ ಬಂದಿರುವುದು ಫ್ಯಾನ್ ಎಷ್ಟು ಹೊತ್ತಿಗೊಮ್ಮೆ ಓಡಬೇಕು ಅನ್ನುವುದರಿಂದ, ಹಮ್‌ನಿಂದ ಅಲ್ಲ.

ಪರೀಕ್ಷೆ

ಈ ಸಲ ಬೋರ್ಡ್ ಪೆಟ್ಟಿಗೆಯಲ್ಲೇ ಇತ್ತು, ಮಾಸ್‌ಫೆಟ್ ಜೋಡಿಸಿಯೇ ಇತ್ತು. ರಿಲೇಯನ್ನು ಮಾತ್ರ ಸಾಕೆಟ್ಟಿನಿಂದ ತೆಗೆದೆ, ಪಾಪ ಅದು ಸವೆಯುವುದು ಬೇಡ ಅಂತ. ಸೆನ್ಸರನ್ನೂ ಕೆಪಾಸಿಟರನ್ನೂ ಕಳಚಿ ಮೈನಸ್ ಪಿನ್ನಿಗೆ ಫಂಕ್ಷನ್ ಜನರೇಟರಿನಿಂದ ತ್ರಿಕೋನ ಅಲೆ ಕೊಟ್ಟೆ: 2ರಿಂದ 3 ವೋಲ್ಟ್, 10 ಹರ್ಟ್ಸ್. ಸ್ಕೋಪನ್ನು ಎಕ್ಸ್-ವೈ ಮೋಡಿಗೆ ಹಾಕಿ, ಮೈನಸ್ ಪಿನ್ ಅಡ್ಡಕ್ಕೆ, ಔಟ್‌ಪುಟ್ ಉದ್ದಕ್ಕೆ. ಪರದೆಯ ಮೇಲೆ ಒಂದು ಆಯತ ಮೂಡಿತು. ಅದರ ಅಗಲವೇ ಹಿಸ್ಟರೆಸಿಸ್, ಎತ್ತರವೇ ಔಟ್‌ಪುಟ್ಟಿನ ಏರಿಳಿತ. ಅಗಲ 0.22 ವೋಲ್ಟ್, ಎತ್ತರ 0.1ರಿಂದ 4.8.

ಕುತೂಹಲಕ್ಕೆ ಹಳೆಯ ಬಿಸಿ547ನ್ನು ತಾತ್ಕಾಲಿಕವಾಗಿ ಮತ್ತೆ ಮುಟ್ಟಿಸಿ ನೋಡಿದೆ. ಕಣ್ಣೆದುರೇ ಆಯತ ಕುಗ್ಗಿತು. ಎತ್ತರ ಅರ್ಧಕ್ಕಿಂತ ಕೆಳಗೆ, ಅಗಲವೂ ಅರ್ಧಕ್ಕಿಂತ ಕೆಳಗೆ. ಮೊದಲ ದಿನವೇ ಈ ಚಿತ್ರ ನೋಡಿದ್ದರೆ ಮಿಕ್ಕಿದ್ದೆಲ್ಲ ಬೇಕಿರಲಿಲ್ಲ.

ಈ ಪರೀಕ್ಷೆಯಲ್ಲಿ ಅವಸರ ಮಾಡಬಾರದು. ಅಲೆಯನ್ನು 10 ಕಿಲೋಹರ್ಟ್ಸ್‌ಗೆ ಏರಿಸಿದರೆ ಆಯತ ಇನ್ನಷ್ಟು ಅಗಲವಾಗಿ ಕಾಣುತ್ತದೆ. ಹಿಸ್ಟರೆಸಿಸ್ ಜಾಸ್ತಿಯಾಗಿರುವುದಿಲ್ಲ. ಆ ವೇಗದಲ್ಲಿ ಇನ್‌ಪುಟ್ ಮೈಕ್ರೋಸೆಕೆಂಡಿಗೆ 20 ಮಿಲಿವೋಲ್ಟ್ ಓಡುತ್ತದೆ. ಎಲ್‌ಎಂ393 ತಿರುಗುವುದಕ್ಕೆ ಸುಮಾರು 1.3 ಮೈಕ್ರೋಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಇನ್‌ಪುಟ್ ಗಡಿ ದಾಟಿ 26 ಮಿಲಿವೋಲ್ಟ್ ಮುಂದೆ ಹೋಗಿರುತ್ತದೆ. ಎರಡೂ ಬದಿ ಸೇರಿ 50ರ ಮೇಲೆ. 10 ಹರ್ಟ್ಸ್‌ನಲ್ಲಿ ಇದೇ ತಪ್ಪು ಮೈಕ್ರೋವೋಲ್ಟ್ ಲೆಕ್ಕಕ್ಕೆ ಇಳಿಯುತ್ತದೆ.

ಆಮೇಲೆ ನಿಜವಾದ ಬಿಸಿ. ಎಲ್ಲ ಜೋಡಿಸಿ, ಹೀಟ್‌ಸಿಂಕಿಗೆ ಬೇರೆ ಥರ್ಮಾಮೀಟರ್ ಅಂಟಿಸಿ ಮೂರು ಸಲ ಏರಿಸಿ ಇಳಿಸಿದೆ. 45.6ರ ಆಸುಪಾಸಿನಲ್ಲಿ ಆನ್, 41.1ರ ಆಸುಪಾಸಿನಲ್ಲಿ ಆಫ್. ಪ್ರತಿ ಸಲವೂ ಒಂದೇ ಟಕ್. ಲೆಕ್ಕಕ್ಕಿಂತ 0.2–0.3 ಡಿಗ್ರಿ ಮೇಲೆ ಬಂದಿದೆ. ಥರ್ಮಿಸ್ಟರ್ ಶೇಕಡಾ 1ರಷ್ಟು ಆಚೀಚೆ ಇದ್ದರೂ ಕಾಲು ಡಿಗ್ರಿ ಆಗುತ್ತದೆ, ಹಾಗಾಗಿ ಅದರ ಬೆನ್ನು ಹತ್ತಲಿಲ್ಲ.

ಕೊನೆಗೆ ಥರ್ಮಿಸ್ಟರಿನ ಪ್ಲಗ್ ಕಿತ್ತು ನೋಡಿದೆ. ಫ್ಯಾನ್ ನಿಂತುಹೋಯಿತು. ತಂತಿ ತುಂಡಾದರೆ ಮೈನಸ್ ಪಿನ್ 5 ವೋಲ್ಟಿಗೆ ಹೋಗುತ್ತದೆ, ಸರ್ಕ್ಯೂಟಿಗೆ ಅದು ಮಂಜುಗಡ್ಡೆಯ ಚಳಿ. ಪೆಟ್ಟಿಗೆ ಸುಟ್ಟರೂ ಫ್ಯಾನ್ ತಿರುಗದು. ಉಳಿಸಿಕೊಂಡಿದ್ದ ಎರಡನೇ ಕಂಪೇರೇಟರಿಗೆ ಕೆಲಸ ಸಿಕ್ಕಿದ್ದು ಇಲ್ಲೇ. ಅದರ ಪ್ಲಸ್ ಪಿನ್ನಿಗೆ 4.5 ವೋಲ್ಟ್, ಮೈನಸ್ ಪಿನ್ನಿಗೆ ಅದೇ ಸೆನ್ಸರ್. ಸೆನ್ಸರ್ 4.5 ದಾಟಿದರೆ ಔಟ್‌ಪುಟ್ ಕೆಳಗೆ ಬಂದು ಒಂದು ಕೆಂಪು ಎಲ್‌ಇಡಿ ಹೊತ್ತಿಸುತ್ತದೆ. ಇದರಿಂದಲೇ ಫ್ಯಾನ್ ಓಡಿಸೋಣ ಅಂದರೆ ಆಗದು, ಓಪನ್ ಕಲೆಕ್ಟರ್ ಕೆಳಗೆ ಮಾತ್ರ ಎಳೆಯುತ್ತದೆ, ನಮ್ಮಲ್ಲಿ ಕೆಳಗೆ ಅಂದರೆ ಫ್ಯಾನ್ ಬಂದ್. ಇನ್ನೊಂದು ತೊಡಕು: 5 ವೋಲ್ಟ್ ಸಪ್ಲೈಯಲ್ಲಿ ಎಲ್‌ಎಂ393ರ ಇನ್‌ಪುಟ್ 3.5 ವೋಲ್ಟಿನವರೆಗೆ ಮಾತ್ರ ನಂಬಿಕಸ್ಥ, ಎರಡೂ ಪಿನ್ ಅದಕ್ಕಿಂತ ಮೇಲಿದ್ದರೆ ಅದರ ಮಾತು ಕೇಳುವಂತಿಲ್ಲ. ಅದಕ್ಕೆ ಚಿಪ್ಪಿನ ಸಪ್ಲೈಯನ್ನು 12 ವೋಲ್ಟಿಗೆ ಬದಲಾಯಿಸಿದೆ. ಪುಲ್-ಅಪ್ 5 ವೋಲ್ಟಿನಲ್ಲೇ ಇರುವುದರಿಂದ ಗಡಿಗಳು ಕದಲಲಿಲ್ಲ, ಮತ್ತೆ ಅಳೆದು ನೋಡಿದೆ: 2.386, 2.609.

ಈ ಎರಡನೆಯದಕ್ಕೆ ಹಿಸ್ಟರೆಸಿಸ್ ಹಾಕಲಿಲ್ಲ. ಪ್ಲಗ್ ಸಡಿಲವಾದರೆ ಎಲ್‌ಇಡಿ ಮಿಣುಕಲಿ, ನನಗೆ ಅದು ಕಾಣಬೇಕು.